ಸೂಜಿಯ ವಿಷಯ ವೈದ್ಯರಿಂದ ಮುಚ್ಚಿಡಬೇಡ

ತಮ್ಮಾ, ನಿನ್ನನ್ನು ಬೈಯಲಿಕ್ಕೆ ಇದನ್ನು ಬರೆಯುತ್ತಿಲ್ಲ. ಮಾದಕ ಚುಚ್ಚಿಕೊಳ್ಳುವುದು ನೀನೋ, ನಿನ್ನ ರೂಮಿನ ಗೆಳೆಯನೋ ಎಂದೂ ಕೇಳುವುದಿಲ್ಲ. ಯಾರೇ ಆದರೂ ಈ ಮಾತು ಕಿವಿಗೆ ಬೀಳಲಿ ಎಂಬುದಷ್ಟೇ ನನ್ನ ಆಸೆ. ನರರೋಗದ ವಾರ್ಡುಗಳಲ್ಲಿ ಆಯುಷ್ಯ ಸವೆಸಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಸೂಜಿಯ ದಾರಿಯಲ್ಲಿ ಮೆದುಳಿಗೂ ಬೆನ್ನುಹುರಿಗೂ ಬರುವ ಆಪತ್ತುಗಳಲ್ಲಿ ಎಷ್ಟೋ ವಾಸಿಯಾಗುವಂಥವೇ. ಆದರೆ ಅವಕ್ಕೆ ಗಂಟೆಗಳ ಲೆಕ್ಕವಿದೆ, ಕೆಲವಕ್ಕಂತೂ ನಿಮಿಷಗಳ ಲೆಕ್ಕ. ಆ ಹೊತ್ತೆಲ್ಲ ಕಳೆದುಹೋಗುವುದು ನಾಚಿಕೆಯಲ್ಲಿ, ಅಪ್ಪನಿಗೆ ಗೊತ್ತಾದೀತು, ಪೊಲೀಸರು ಬಂದಾರು ಎಂಬ ಭಯದಲ್ಲಿ.

ಈ ಚಟ ಪಂಜಾಬಿನ ಗೋಳು, ಮಣಿಪುರದ ಗೋಳು ಎಂದುಕೊಂಡವರು ನಮ್ಮಲ್ಲಿ ಬಹಳ. ದೆಹಲಿಯ ಏಮ್ಸ್ ಸಂಸ್ಥೆ ನಡೆಸಿ, ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆ ಓಪಿಯಾಯ್ಡ್ ಬಳಸುವವರು ದೇಶದಲ್ಲಿ ಸುಮಾರು 2.26 ಕೋಟಿ ಎಂದು ಅಂದಾಜು ಮಾಡಿತು. ಮಾದಕಗಳನ್ನು ಚುಚ್ಚಿಕೊಳ್ಳುವವರ ಸಂಖ್ಯೆ ಸುಮಾರು 8.5 ಲಕ್ಷ. ಅಫೀಮು, ಹೆರಾಯಿನ್, ಬ್ರೌನ್ ಶುಗರ್ ಮಾತ್ರ ಓಪಿಯಾಯ್ಡ್ ಕುಲಕ್ಕೆ ಸೇರಿದವಲ್ಲ. ಆಪರೇಷನ್ ಆದಾಗ ಕೊಡುವ ಮಾರ್ಫಿನ್, ಪೆಥಿಡಿನ್, ಫೆಂಟಾನಿಲ್, ಪೆಂಟಾಜೊಸಿನ್ ಕೂಡ ಅದೇ ಕುಲದವು. ನೋವಿಗೆ ನುಂಗುವ ಟ್ರಮಡಾಲ್, ಟಪೆಂಟಡಾಲ್ ಮಾತ್ರೆಗಳೂ ಅವೇ. ಔಷಧಿ ಅಂಗಡಿಯ ಮಾತ್ರೆಯನ್ನು ಪುಡಿ ಮಾಡಿ ಚುಚ್ಚಿಕೊಳ್ಳುವ ಚಟ ಬೆಂಗಳೂರಿನಲ್ಲೂ ಕಂಡಿದೆ. ಆಸ್ಪತ್ರೆಯೊಳಗೇ ಕೆಲಸ ಮಾಡುತ್ತ, ಕೈಗೆ ಸುಲಭವಾಗಿ ಸಿಗುವ ಆಂಪ್ಯೂಲಿಗೆ ಬಲಿಯಾದ ವೈದ್ಯರೂ ನರ್ಸುಗಳೂ ಇದ್ದಾರೆ. ಅವರೂ ಇದನ್ನು ಓದಲಿ. ಅವರು ಮುಚ್ಚಿಡುವುದರಲ್ಲಿ ಎಲ್ಲರಿಗಿಂತ ನಿಪುಣರು, ಅದಕ್ಕೇ ಅವರ ಬಗ್ಗೆ ನನಗೆ ಹೆಚ್ಚು ದಿಗಿಲು.

ಮೊದಲು ಉಸಿರಿನ ವಿಷಯ. ನಾವು ನಿದ್ದೆಯಲ್ಲಿದ್ದಾಗಲೂ ಉಸಿರಾಡಿಸುವ ಕೇಂದ್ರ ಮೆದುಳಿನ ಕಾಂಡದಲ್ಲಿದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದ ಕೂಡಲೇ ಉಸಿರೆಳೆ ಎಂದು ಅದು ಆಜ್ಞೆ ಕೊಡುತ್ತದೆ. ಓಪಿಯಾಯ್ಡ್ ಈ ಕೇಂದ್ರವನ್ನೇ ಮಂದ ಮಾಡುತ್ತದೆ. ಅದರ ಜೊತೆಗೆ ಮದ್ಯ, ಡಯಾಜೆಪಾಂ, ಆಲ್ಪ್ರಜೋಲಾಂ, ನಿದ್ದೆ ತರಿಸುವ ಅಲರ್ಜಿ ಇಂಜೆಕ್ಷನ್ ಸೇರಿದರೆ ಉಸಿರು ನಿಂತೇ ಹೋಗಬಹುದು. ಆಮ್ಲಜನಕ ಸಿಗದೆ ನಾಲ್ಕೈದು ನಿಮಿಷ ಕಳೆದರೆ ಮೆದುಳಿನ ಜೀವಕೋಶಗಳು ಸಾಯತೊಡಗುತ್ತವೆ. ಗೆಳೆಯರು ಗೊರಕೆ ಹೊಡೀತಿದಾನೆ, ಮಲಗಲಿ ಬಿಡು ಎಂದು ಬಾಗಿಲು ಎಳೆದುಕೊಂಡು ಹೋಗುತ್ತಾರೆ. ಆ ಗಂಟಲಿನ ಗೊರಗೊರ ಸದ್ದು ಸುಖನಿದ್ದೆಯ ಗೊರಕೆ ಅಲ್ಲ. ತುಟಿ, ಉಗುರು ನೀಲಿಗಟ್ಟಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗಿ, ಕರೆದರೂ ಎದೆಮೂಳೆಯನ್ನು ಬಲವಾಗಿ ಉಜ್ಜಿದರೂ ಎಚ್ಚರವಾಗದಿದ್ದರೆ ಅದು ‘ಓಡಿ’, ಅಂದರೆ ಓವರ್‌ಡೋಸ್.

ಆಗ ಮಾಡಬೇಕಾದ್ದು ಇಷ್ಟು. 108ಕ್ಕೋ 112ಕ್ಕೋ ಫೋನ್ ಮಾಡು. ತಲೆಯನ್ನು ಹಿಂದಕ್ಕೆ ಬಾಗಿಸಿ, ಗಲ್ಲ ಎತ್ತಿ, ಮೂಗು ಹಿಡಿದು, ಐದು ಸೆಕೆಂಡಿಗೊಮ್ಮೆ ಬಾಯಿಂದ ಬಾಯಿಗೆ ಉಸಿರು ಊದು. ನಾಡಿಯೇ ಸಿಗದಿದ್ದರೆ ಎದೆ ಒತ್ತು. ತಾನಾಗಿ ಉಸಿರಾಡತೊಡಗಿದ ಮೇಲೆ ಪಕ್ಕಕ್ಕೆ ಹೊರಳಿಸಿ ಮಲಗಿಸು, ವಾಂತಿ ಶ್ವಾಸಕೋಶಕ್ಕೆ ಇಳಿಯದಿರಲಿ. ತಣ್ಣೀರು ಸುರಿಯುವುದು, ಹಾಲು ಕುಡಿಸುವುದು, ಉಪ್ಪುನೀರು ಚುಚ್ಚುವುದು ಯಾವುದೂ ಬೇಡ. ಒಬ್ಬನನ್ನೇ ಬಿಟ್ಟು ಹೋಗಬೇಡ. ಆಸ್ಪತ್ರೆಯವರ ಕೈಯಲ್ಲಿ ನಲಾಕ್ಸೋನ್ ಎಂಬ ಇಂಜೆಕ್ಷನ್ ಇದೆ, ಎರಡು ಮೂರು ನಿಮಿಷದಲ್ಲಿ ಉಸಿರನ್ನು ಮರಳಿಸುತ್ತದೆ. ಆದರೆ ಅದರ ಪ್ರಭಾವ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ಇಳಿಯುತ್ತದೆ, ಒಳಗಿರುವ ಮದ್ದಿನ ಪ್ರಭಾವ ಅದಕ್ಕಿಂತ ಹೆಚ್ಚು ಹೊತ್ತು ಉಳಿಯಬಹುದು. ಎಚ್ಚರವಾಯಿತು, ಇನ್ನು ಮನೆಗೆ ಹೋಗುತ್ತೇನೆ ಎಂದು ಎದ್ದು ಬಂದವರು ದಾರಿಯಲ್ಲೇ ಮತ್ತೆ ಮುಳುಗುವುದುಂಟು. ವೈದ್ಯರು ಹೋಗು ಎನ್ನುವವರೆಗೆ ಅಲ್ಲೇ ಇರಬೇಕು.

ಬದುಕಿ ಬಂದ, ಮುಗಿಯಿತು ಎಂದುಕೊಳ್ಳುವ ಹಾಗಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನರರೋಗ ವೈದ್ಯರು 2012ರಿಂದ 2016ರ ನಡುವೆ 14 ಮಂದಿಯಲ್ಲಿ ಒಂದು ವಿಚಿತ್ರ ಮರೆವನ್ನು ಕಂಡರು. ಹೊಸದಾಗಿ ನಡೆದದ್ದು ಯಾವುದೂ ಅವರ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಎಂಆರ್‌ಐ ತೆಗೆದಾಗ ನೆನಪನ್ನು ಕಟ್ಟಿಡುವ ಹಿಪೊಕ್ಯಾಂಪಸ್ ಎಂಬ ಭಾಗ ಎರಡೂ ಬದಿಯಲ್ಲಿ ರಕ್ತ ಕಾಣದೆ ಹಾಳಾಗಿತ್ತು. ಬಹುತೇಕರಿಗೆ ಓಪಿಯಾಯ್ಡ್ ಬಳಕೆಯ ಹಿನ್ನೆಲೆ ಇತ್ತು, ಅವರಲ್ಲಿ ಹರೆಯದವರೂ ಇದ್ದರು. ತಾಯಿ ಬಂದು ಮಾತಾಡಿಸಿ ಹೋದದ್ದು ಮಗನಿಗೆ ಹತ್ತು ನಿಮಿಷದ ಮೇಲೆ ನೆನಪಿಲ್ಲದಿದ್ದರೆ ಆ ಮನೆಯ ಬದುಕು ಹೇಗಿದ್ದೀತು, ಯೋಚಿಸು.

ಇನ್ನೊಂದು ಆಪತ್ತು ತಡವಾಗಿ ಬರುತ್ತದೆ. ಓಡಿ ಆಗಿ, ಉಸಿರು ಕಟ್ಟಿ, ಚೇತರಿಸಿಕೊಂಡು ಮನೆಗೆ ಬಂದವನು ಎರಡು ಮೂರು ವಾರ ಚೆನ್ನಾಗಿಯೇ ಇರುತ್ತಾನೆ. ಆಮೇಲೆ ಮಾತು ಕಡಿಮೆಯಾಗುತ್ತದೆ, ನಡಿಗೆ ಬಿಗಿಯಾಗುತ್ತದೆ, ಬಟ್ಟೆಯಲ್ಲೇ ಮೂತ್ರ ಹೋಗುತ್ತದೆ, ಮುಖದಲ್ಲಿ ಭಾವವೇ ಇರುವುದಿಲ್ಲ. ಆಮ್ಲಜನಕದ ಕೊರತೆಯಿಂದ ಮೆದುಳಿನ ಬಿಳಿ ಭಾಗ, ಅಂದರೆ ನರತಂತುಗಳ ಹೊದಿಕೆ, ನಿಧಾನವಾಗಿ ಕಳಚುವುದರ ಫಲ ಅದು. ಮನೆಯವರು ಅದನ್ನು ಖಿನ್ನತೆ ಎಂದೋ, ಟರ್ಕಿ (ಮದ್ದು ಬಿಟ್ಟಾಗಿನ ನರಳಾಟ) ಎಂದೋ, ಗ್ರಹಚಾರ ಎಂದೋ ತಿಳಿದು ದೇವಸ್ಥಾನಗಳಿಗೆ ಅಲೆದು ದಿನ ಕಳೆಯುತ್ತಾರೆ. ಓಡಿ ಆದ ಒಂದು ತಿಂಗಳೊಳಗೆ ನಡತೆ ಬದಲಾದರೆ ನರರೋಗ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಹಿಂದೆ ಏನಾಗಿತ್ತು ಎಂದು ಬಾಯಿಬಿಟ್ಟು ಹೇಳಬೇಕು. ಸಾಕಷ್ಟು ಜನ ತಿಂಗಳುಗಳ ಆರೈಕೆಯಲ್ಲಿ ಸುಧಾರಿಸುತ್ತಾರೆ.

ಈಗ ಸೂಜಿಯೇ ತರುವ ಕಾಯಿಲೆಗಳಿಗೆ ಬರುತ್ತೇನೆ. ನನಗೆ ಅತಿ ಹೆಚ್ಚು ಸಂಕಟ ಕೊಟ್ಟವು ಇವೇ. ನಮ್ಮ ಚರ್ಮದ ಮೇಲೆ ಸದಾ ವಾಸವಾಗಿರುವ ಸ್ಟ್ಯಾಫಿಲೊಕಾಕಸ್ ಎಂಬ ರೋಗಾಣು ಸೂಜಿಯ ಮೊನೆ ಹಿಡಿದು ರಕ್ತಕ್ಕೆ ಇಳಿಯುತ್ತದೆ. ಇಳಿದದ್ದು ಹೃದಯದ ಕವಾಟದ ಮೇಲೆ, ಕೆರೆಯ ತೂಬಿಗೆ ಪಾಚಿ ಹಿಡಿದ ಹಾಗೆ, ಪದರ ಪದರವಾಗಿ ಬೆಳೆಯುತ್ತದೆ. ಕವಾಟ ಬಡಿದಂತೆಲ್ಲ ಅದರ ತುಣುಕುಗಳು ಕಿತ್ತು ಹರಿಯುತ್ತವೆ. ಬಲಗಡೆಯ ಕವಾಟದಿಂದ ಹೊರಟವು ಶ್ವಾಸಕೋಶಕ್ಕೆ, ಎಡಗಡೆಯವು ಮೆದುಳಿಗೆ. ಇಪ್ಪತ್ತೈದರ ಹುಡುಗನಿಗೆ ಲಕ್ವ ಹೊಡೆಯುವುದು, ಮಾತು ನಿಲ್ಲುವುದು, ಮೆದುಳಲ್ಲಿ ಕೀವು ಕಟ್ಟುವುದು, ಸೋಂಕು ತಗುಲಿದ ರಕ್ತನಾಳ ಉಬ್ಬಿ ಒಡೆಯುವುದು ಎಲ್ಲಕ್ಕೂ ಮೂಲ ಇಲ್ಲಿದೆ. ಶುರುವಾಗುವುದು ವಾರಗಟ್ಟಲೆ ಬಿಡದ ಜ್ವರದಿಂದ, ರಾತ್ರಿ ಬೆವರಿನಿಂದ. ಅಂಗಡಿಯಿಂದ ಪ್ಯಾರಾಸಿಟಮಾಲ್ ತಂದು ನುಂಗುತ್ತ ಕೂರುವ ಜ್ವರ ಅದಲ್ಲ. ರಕ್ತದ ಕಲ್ಚರ್, ಹೃದಯದ ಎಕೋ ಮಾಡಿಸಿ, ವಾರಗಟ್ಟಲೆ ರಕ್ತನಾಳದ ಮೂಲಕ ಆಂಟಿಬಯಾಟಿಕ್ ಕೊಟ್ಟರೆ ಗುಣವಾಗುತ್ತದೆ.

ಇಲ್ಲಿ ಗಮನವಿಟ್ಟು ಕೇಳು. ಲಕ್ವ ಹೊಡೆದವರಿಗೆ ಮೊದಲ ಕೆಲ ಗಂಟೆಯೊಳಗೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡುವುದು ರೂಢಿ. ಕವಾಟದ ಸೋಂಕಿನಿಂದ ಬಂದ ಲಕ್ವಕ್ಕೆ ಅದನ್ನು ಕೊಡಬಾರದು, ಮೆದುಳಲ್ಲಿ ರಕ್ತಸ್ರಾವವಾಗುವ ಅಪಾಯ ಬಹಳ. ಕ್ಯಾಶುವಾಲ್ಟಿಯಲ್ಲಿ ನಿನ್ನನ್ನು ಮೊದಲ ಸಲ ನೋಡುತ್ತಿರುವ ವೈದ್ಯೆಗೆ ನೀನು ಚುಚ್ಚಿಕೊಳ್ಳುತ್ತೀಯ, ಹದಿನೈದು ದಿನದಿಂದ ಜ್ವರವಿದೆ ಎಂಬ ಎರಡು ಸಂಗತಿ ತಿಳಿದಿರದಿದ್ದರೆ ಅವರು ಒಳ್ಳೆಯದನ್ನೇ ಮಾಡಲು ಹೋಗಿ ನಿನ್ನ ಜೀವಕ್ಕೆ ಅಪಾಯ ತರಬಹುದು. ನಿನಗೆ ಮಾತು ನಿಂತಿದ್ದರೆ ಹೇಳಬೇಕಾದವನು ಜೊತೆಗೆ ಬಂದ ಗೆಳೆಯ. ಆ ಗೆಳೆಯ ಆಸ್ಪತ್ರೆಯ ಬಾಗಿಲಲ್ಲಿ ಬಿಟ್ಟು ಓಡಿಹೋಗಬಾರದು.

ಬೆನ್ನಿನ ವಿಷಯವನ್ನು ಇನ್ನೂ ಒತ್ತಿ ಹೇಳುತ್ತೇನೆ. ರಕ್ತದಲ್ಲಿ ಅಲೆಯುವ ಅದೇ ರೋಗಾಣು ಬೆನ್ನುಮೂಳೆಯಲ್ಲಿ, ಬೆನ್ನುಹುರಿಯ ಹೊದಿಕೆಯ ಹೊರಗಿನ ಕಿರಿದಾದ ಜಾಗದಲ್ಲಿ ಕೀವಾಗಿ ನಿಲ್ಲಬಹುದು. ಮೊದಲು ಒಂದೇ ಕಡೆ ಕೊರೆಯುವ ಬೆನ್ನುನೋವು, ರಾತ್ರಿ ಮಲಗಿದರೂ ಬಿಡದು. ಆಮೇಲೆ ಎದೆಯ ಸುತ್ತಲೋ ಕಾಲಿಗೋ ಕರೆಂಟಿನಂತೆ ಹರಿಯುವ ನೋವು. ಆಮೇಲೆ ಕಾಲಲ್ಲಿ ಬಲ ಸಾಲದು, ಮೂತ್ರ ಕಟ್ಟುತ್ತದೆ. ಕೊನೆಗೆ ಸೊಂಟದಿಂದ ಕೆಳಗೆ ಏನೂ ಅಲ್ಲಾಡದು. ಮೊದಲ ಮೆಟ್ಟಿಲಿಂದ ಕೊನೆಯದಕ್ಕೆ ಬರಲು ಕೆಲವರಿಗೆ ವಾರಗಳು ಬೇಕು, ಕೆಲವರಿಗೆ ಒಂದೇ ರಾತ್ರಿ ಸಾಕು. ಕಾಲು ಪೂರ್ತಿ ಸೋತು ಒಂದೆರಡು ದಿನ ಕಳೆದ ಮೇಲೆ ಆಪರೇಷನ್ ಮಾಡಿ ಕೀವು ತೆಗೆದರೂ ನಡಿಗೆ ಮರಳುವುದು ಅಪರೂಪ. ಬಲ ಇನ್ನೂ ಇದ್ದಾಗಲೇ ಬಂದವರು ಎದ್ದು ನಡೆದು ಮನೆಗೆ ಹೋಗುತ್ತಾರೆ.

ಜ್ವರ, ಬೆನ್ನುನೋವು, ಕಾಲಿನ ಬಲಹೀನತೆ ಮೂರೂ ಒಟ್ಟಿಗೆ ಬರಲಿ ಎಂದು ಕಾಯಬೇಡ, ಶುರುವಿನಲ್ಲಿ ಮೂರೂ ಇರುವವರು ಕಡಿಮೆ ಜನ. ನೋವಿಗೆಂದು ಮತ್ತೊಂದು ಶಾಟ್ ತೆಗೆದುಕೊಂಡರೆ ಬೆನ್ನು ಕೂಗಿ ಹೇಳುತ್ತಿರುವುದೂ ಕೇಳದಂತಾಗುತ್ತದೆ. ವೈದ್ಯರಿಗೂ ಇದು ಸುಲಭವಲ್ಲ. ನಮ್ಮ ದೇಶದಲ್ಲಿ ಬೆನ್ನುನೋವು ಎಂದು ಬರುವವರು ಸಾವಿರ ಜನ, ಬೆನ್ನುಮೂಳೆಯ ಕ್ಷಯವೂ ಸಾಮಾನ್ಯ. ಗಟ್ಟಿಮುಟ್ಟಾದ ಹುಡುಗ ಬೆನ್ನು ಹಿಡಿದುಕೊಂಡು ಬಂದರೆ ಉಳುಕು ಎಂದು ಮುಲಾಮು ಬರೆದುಕೊಡುವುದು ಸಹಜ. ಅವರ ಕೈ ಎಂಆರ್‌ಐ ಚೀಟಿಯ ಕಡೆಗೆ ಹೋಗಬೇಕಾದರೆ ನಿನ್ನ ಬಾಯಿಂದ ಆ ಒಂದು ಮಾತು ಬರಬೇಕು: ನಾನು ಇಂಜೆಕ್ಷನ್ ಚುಚ್ಚಿಕೊಳ್ಳುತ್ತೇನೆ.

ಮಾತ್ರೆ ಪುಡಿ ಮಾಡಿ ಚುಚ್ಚುವವರಿಗೆ ಇನ್ನೊಂದು ತೊಂದರೆ. ಮಾತ್ರೆಯಲ್ಲಿ ಮದ್ದಿಗಿಂತ ಹೆಚ್ಚು ಇರುವುದು ಟಾಲ್ಕ್, ಪಿಷ್ಟದಂಥ ಕರಗದ ಪುಡಿ. ಹೊಟ್ಟೆಗೆ ಹೋದರೆ ಅದರಿಂದ ಹಾನಿಯಿಲ್ಲ. ರಕ್ತಕ್ಕೆ ಹೋದರೆ ಶ್ವಾಸಕೋಶದಲ್ಲಿ, ಕಣ್ಣಿನ ಅಕ್ಷಿಪಟಲದಲ್ಲಿ ಕೂತುಬಿಡುತ್ತದೆ. ತಪ್ಪಿ ಧಮನಿಗೆ ಬಿದ್ದರೆ ಬೆರಳುಗಳು ಕಪ್ಪಾಗಿ ಕೊಳೆಯುತ್ತವೆ. ಮಿಜೋರಾಂನಲ್ಲಿ ಪ್ರೊಪಾಕ್ಸಿಫೀನ್ ಇರುವ ಕ್ಯಾಪ್ಸೂಲಿನ ಪುಡಿಯನ್ನು ಚುಚ್ಚಿಕೊಂಡು ಹುಣ್ಣಾಗಿ ಕೈಕಾಲು ಕತ್ತರಿಸಿಕೊಂಡವರಿದ್ದಾರೆ. ಪೆಂಟಾಜೊಸಿನ್ ಪದೇ ಪದೇ ಚುಚ್ಚಿದ ಸ್ನಾಯು ನಾರುಗಟ್ಟಿ ಗಡುಸಾಗಿ ಮಡಚಲು ಬಾರದಾಗುತ್ತದೆ. ಟ್ರಮಡಾಲ್, ಪೆಥಿಡಿನ್ ಹೆಚ್ಚಾದರೆ ಅಪಸ್ಮಾರದಂಥ ಸೆಳವು ಬರುತ್ತದೆ. ಕೈಯ ರಕ್ತನಾಳಗಳು ಸಿಗದಾದಾಗ ತೊಡೆಸಂದಿಗೆ ಹೋಗುವವರು ಪಕ್ಕದಲ್ಲೇ ಇರುವ ದೊಡ್ಡ ನರವನ್ನೂ ಧಮನಿಯನ್ನೂ ಪಣಕ್ಕಿಡುತ್ತಾರೆ.

ಅಮಲಿನಲ್ಲಿ ತೋಳಿನ ಮೇಲೋ ಮಡಚಿದ ಕಾಲಿನ ಮೇಲೋ ಗಂಟೆಗಟ್ಟಲೆ ಬಿದ್ದುಕೊಂಡವನು ಎದ್ದಾಗ ಮಣಿಕಟ್ಟು ಜೋತುಬಿದ್ದಿರುತ್ತದೆ ಅಥವಾ ಪಾದ ಎತ್ತಲು ಬರುವುದಿಲ್ಲ. ಒತ್ತಿಹೋದ ನರ ತಿಂಗಳುಗಳಲ್ಲಿ ಚಿಗುರಬಹುದು. ಆದರೆ ಜೊತೆಗೆ ಸ್ನಾಯು ಜಜ್ಜಿ, ಮೂತ್ರ ಕಪ್ಪುಕಂದು ಬಣ್ಣಕ್ಕೆ ತಿರುಗಿದ್ದರೆ ಮೂತ್ರಪಿಂಡ ಕೆಡುತ್ತಿದೆ ಎಂದರ್ಥ. ಅದಕ್ಕೆ ಅದೇ ದಿನ ಆಸ್ಪತ್ರೆ ಬೇಕು.

ಎರಡೆರಡು ಕಾಣುವುದು, ರೆಪ್ಪೆ ಇಳಿಬೀಳುವುದು, ನಾಲಿಗೆ ತೊದಲುವುದು, ಎಂಜಲು ನುಂಗಲಾಗದಿರುವುದು. ಇವನ್ನು ನೋಡಿ ಏರಿಸಿಕೊಂಡಿದ್ದಾನೆ ಎನ್ನಬೇಡ. ಚುಚ್ಚಿದ ಗಾಯದೊಳಗೆ ಬಾಟುಲಿಸಂನ ರೋಗಾಣು ಬೆಳೆದು ವಿಷ ಉಗುಳಿದರೆ ಹೀಗೇ ಆಗುತ್ತದೆ. ಲಕ್ವ ಮುಖದಿಂದ ಕೆಳಕ್ಕಿಳಿದು ಉಸಿರಿನ ಸ್ನಾಯುಗಳನ್ನು ಹಿಡಿಯುತ್ತದೆ, ಬುದ್ಧಿ ಮಾತ್ರ ಪೂರ್ತಿ ಸ್ಪಷ್ಟವಾಗಿರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಟಾರಿನಂಥ ಕಪ್ಪು ಹೆರಾಯಿನ್ ಬಳಸುವವರಲ್ಲಿ, 2014-15ರಲ್ಲಿ ಸ್ಕಾಟ್ಲೆಂಡಿನಲ್ಲಿ ಇದು ಹಲವರನ್ನು ಹಿಡಿಯಿತು. ಬೇಗ ಪ್ರತಿವಿಷ ಕೊಟ್ಟರೆ ಅದು ಅಲ್ಲಿಗೇ ನಿಲ್ಲುತ್ತದೆ. ಧನುರ್ವಾಯುವೂ ಇದೇ ಗಾಯದ ದಾರಿಯಲ್ಲಿ ಬರುತ್ತದೆ, ಅದಕ್ಕೆ ಲಸಿಕೆ ಇದೆ. ಕೊನೆಯ ಸಲ ಹಾಕಿಸಿ ಹತ್ತು ವರ್ಷವಾಗಿದ್ದರೆ ನಾಳೆಯೇ ಹಾಕಿಸಿಕೊ.

ಸಿರಿಂಜಿನಲ್ಲಿ ಏನಿದೆ ಎಂದು ಮಾರುವವನಿಗೂ ಗೊತ್ತಿರುವುದಿಲ್ಲ ಎನ್ನುವುದಕ್ಕೆ 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದದ್ದನ್ನು ಹೇಳಲೇಬೇಕು. ಸ್ಯಾನ್ ಹೋಸೆಯ ಆಸ್ಪತ್ರೆಗೆ ಒಬ್ಬ ರೋಗಿ ಬಂದ. ಕಣ್ಣು ಬಿಟ್ಟಿದ್ದಾನೆ, ಮೈ ಕಲ್ಲಾಗಿದೆ, ಮಾತಿಲ್ಲ. ಮೊದಲು ಮಾನಸಿಕ ಕಾಯಿಲೆ ಎಂದುಕೊಂಡರು. ನರರೋಗ ವೈದ್ಯ ವಿಲಿಯಂ ಲ್ಯಾಂಗ್‌ಸ್ಟನ್ ಅವರಿಗೆ ಅದು ಅರವತ್ತು ಎಪ್ಪತ್ತರ ಮುದುಕರಿಗೆ ಬರುವ ಪಾರ್ಕಿನ್ಸನ್ ಕಾಯಿಲೆಯ ಕೊನೆಯ ಹಂತದಂತೆ ಕಂಡಿತು. ಹುಡುಕಿದಾಗ ಅಂಥವರು ಇನ್ನೂ ಕೆಲವರು ಸಿಕ್ಕರು. ಎಲ್ಲರೂ ಪ್ರಾಯದವರು, ಎಲ್ಲರೂ ಕೃತಕ ಹೆರಾಯಿನ್ ಎಂದು ಬೀದಿಯಲ್ಲಿ ಮಾರಿದ ಪುಡಿಯನ್ನು ಚುಚ್ಚಿಕೊಂಡವರು. ಪೆಥಿಡಿನ್ನಿನ ಹತ್ತಿರದ ಒಂದು ಮದ್ದನ್ನು ಯಾರೋ ಗುಟ್ಟಾಗಿ ತಯಾರಿಸುವಾಗ ಅಜಾಗರೂಕತೆಯಿಂದ ಎಂಪಿಟಿಪಿ ಎಂಬ ಇನ್ನೊಂದು ವಸ್ತು ಹುಟ್ಟಿಕೊಂಡಿತ್ತು. ಅದು ಮೆದುಳಿಗೆ ನುಗ್ಗಿ, ಅಲ್ಲಿನ ಕಿಣ್ವದಿಂದಲೇ ವಿಷವಾಗಿ ಬದಲಾಗಿ, ಚಲನೆಯನ್ನು ಸುಗಮಗೊಳಿಸುವ ಡೋಪಮಿನ್ ತಯಾರಿಸುವ ಜೀವಕೋಶಗಳನ್ನೇ ಆರಿಸಿ ಕೊಲ್ಲುತ್ತದೆ. ಲೆವೊಡೋಪ ಕೊಟ್ಟಾಗ ಅವರು ಮತ್ತೆ ಅಲ್ಲಾಡಿದರು, ಮಾತಾಡಿದರು. ಆದರೆ ಸತ್ತ ಕೋಶಗಳು ಮರಳಿ ಬರಲಿಲ್ಲ, ಮಾತ್ರೆಯ ಅಡ್ಡಪರಿಣಾಮಗಳು ಬೇಗನೆ ಕಾಡತೊಡಗಿದವು. ಇಬ್ಬರು ಸ್ವೀಡನ್ನಿನ ಲುಂಡ್‌ವರೆಗೂ ಹೋಗಿ ಮೆದುಳಿಗೆ ಭ್ರೂಣದ ಜೀವಕೋಶ ಕಸಿ ಮಾಡಿಸಿಕೊಂಡರು. ಅದೇ ಎಂಪಿಟಿಪಿಯನ್ನು ಮುಂದೆ ಕೋತಿಗಳ ಮೇಲೆ ಪ್ರಯೋಗಿಸಿ ಪಾರ್ಕಿನ್ಸನ್ ಬಗ್ಗೆ ವಿಜ್ಞಾನ ಎಷ್ಟೋ ಕಲಿತಿದೆ, ಮೆದುಳಿಗೆ ವಿದ್ಯುತ್ ತಂತಿ ಇಳಿಸುವ ಇವತ್ತಿನ ಚಿಕಿತ್ಸೆಗೂ ಅದು ದಾರಿ ಮಾಡಿತು. ಲಕ್ಷಾಂತರ ರೋಗಿಗಳಿಗೆ ಅದರಿಂದ ಉಪಕಾರವಾಗಿದೆ ನಿಜ. ಅದಕ್ಕೆ ಬೆಲೆ ತೆತ್ತವರು ನಿನ್ನಂಥ ಹುಡುಗ ಹುಡುಗಿಯರು ಎಂಬುದು ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ಎಚ್‌ಐವಿ ಬಗ್ಗೆ ನೀನು ಕೇಳಿರುತ್ತೀಯ. ಸೂಜಿ, ಸಿರಿಂಜು, ಚಮಚ, ಹತ್ತಿ, ನೀರು ಯಾವುದನ್ನು ಹಂಚಿಕೊಂಡರೂ ಅದಕ್ಕೂ ಹೆಪಟೈಟಿಸ್ ಸಿಗೂ ದಾರಿ. ಚಿಕಿತ್ಸೆ ಇಲ್ಲದ ಎಚ್‌ಐವಿ ಮುಂದೆ ಮೆದುಳಿನ ಪೊರೆಗೆ ಕ್ಷಯವನ್ನೂ ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರವನ್ನೂ ಕರೆತರುತ್ತದೆ. ಎಚ್‌ಐವಿಗೂ ಹೆಪಟೈಟಿಸ್ ಸಿಗೂ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಮಾತ್ರೆ ಉಚಿತ. ಹೆಪಟೈಟಿಸ್ ಸಿ ಮೂರು ತಿಂಗಳ ಮಾತ್ರೆಯಲ್ಲಿ ಬಹುತೇಕರಿಗೆ ಪೂರ್ತಿ ವಾಸಿಯಾಗುತ್ತದೆ. ಇಂದೇ ಬಿಡಲಾಗದಿದ್ದರೆ ಕನಿಷ್ಠ ಬೇರೆಯವರ ಸೂಜಿ ಮುಟ್ಟಬೇಡ. ಹೊಸ ಸೂಜಿ ಕೊಡುವ ಕಾರ್ಯಕ್ರಮ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯದೇ ಇದೆ, ಕೇಳಿ ಪಡೆಯಲು ಸಂಕೋಚ ಬೇಡ.

ಪೊಲೀಸರ ಭಯದ ಬಗ್ಗೆ. ವೈದ್ಯರ ಕೆಲಸ ನಿನಗೆ ಚಿಕಿತ್ಸೆ ಕೊಡುವುದು, ನಿನ್ನ ಗುಟ್ಟು ಕಾಯುವುದು ಅವರ ವೃತ್ತಿಧರ್ಮ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲೇ 64ಎ ಎಂಬ ಕಲಂ ಇದೆ. ಸೇವನೆ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಚಿಕಿತ್ಸೆಗೆ ಒಪ್ಪಿದರೆ ಮೊಕದ್ದಮೆಯಿಂದ ರಕ್ಷಣೆ ಸಿಗುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನು ಹಿಂದಕ್ಕೆ ಪಡೆಯಬಹುದು, ಆದ್ದರಿಂದ ಪೂರ್ತಿ ಮಾಡು. ಕ್ಯಾಶುವಾಲ್ಟಿಯಲ್ಲಿ ಯಾರಾದರೂ ನಿನ್ನನ್ನು ಹೀನಾಯವಾಗಿ ಮಾತಾಡಿಸಿದರೆ, ಹಾಗೆ ಮಾತಾಡಿಸುವವರು ಇದ್ದಾರೆ, ನನಗೆ ಅದರ ಬಗ್ಗೆ ತುಂಬ ಸಿಟ್ಟಿದೆ, ಆದರೂ ಎದ್ದು ಬರಬೇಡ. ಇನ್ನೊಬ್ಬ ವೈದ್ಯರನ್ನು ಕೇಳು. ಅಪ್ಪ ಅಮ್ಮ ಪಕ್ಕದಲ್ಲಿದ್ದರೆ ಅವರನ್ನು ಹೊರಗೆ ಕಳಿಸಿ ಎಂದು ಹೇಳುವ ಹಕ್ಕು ನಿನಗಿದೆ.

ಅಪ್ಪ ಅಮ್ಮಂದಿರಿಗೂ ಒಂದು ಮಾತು. ಮಗನ ತೋಳಿನಲ್ಲಿ ಗುರುತು ಕಂಡ ದಿನ ನಾಲ್ಕು ಜನ ಏನಂದಾರು ಎಂಬ ಚಿಂತೆಯನ್ನು ಬದಿಗಿಡಿ. ಕಟ್ಟಿಹಾಕುವ, ಹೊಡೆಯುವ, ತಿಂಗಳುಗಟ್ಟಲೆ ಭೇಟಿಗೇ ಬಿಡದ ಜಾಗಗಳಿಗೆ ಸೇರಿಸಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಾಯಿಸಿದ ಕೇಂದ್ರವೇ ಎಂದು ಕೇಳಿ ನೋಡಿ. ಟರ್ಕಿಯ ಮೈಕೈ ನೋವು, ವಾಂತಿ, ಭೇದಿ, ನಿದ್ದೆಗೇಡು ಸಹಿಸಲಾರದಷ್ಟಿದ್ದರೂ ಅದಕ್ಕೆ ಔಷಧವಿದೆ. ನಾಲಿಗೆಯಡಿ ಇಡುವ ಬ್ಯುಪ್ರೆನಾರ್ಫಿನ್ ಅಥವಾ ಕುಡಿಸುವ ಮೆಥಡೋನ್ ವೈದ್ಯರ ಉಸ್ತುವಾರಿಯಲ್ಲಿ ತಿಂಗಳುಗಟ್ಟಲೆ, ಬೇಕಾದರೆ ವರ್ಷಗಟ್ಟಲೆ ತೆಗೆದುಕೊಂಡು, ಕೆಲಸಕ್ಕೆ ಹೋಗಿ ಸಂಸಾರ ಮಾಡಿಕೊಂಡು ಇರುವವರು ಇದ್ದಾರೆ. ಒಂದು ಚಟ ಬಿಟ್ಟು ಇನ್ನೊಂದು ಹಿಡಿದ ಹಾಗೆ ಎಂದು ಅದನ್ನು ಹಳಿಯಬೇಡಿ. ಸೂಜಿ ಕೈಬಿಟ್ಟರೆ ನಾನು ಇಲ್ಲಿಯವರೆಗೆ ಹೇಳಿದ ಕವಾಟದ ಸೋಂಕು, ಬೆನ್ನಿನ ಕೀವು, ಬಾಟುಲಿಸಂಗಳ ಬಾಗಿಲು ಮುಚ್ಚುತ್ತದೆ.

ಬಿಟ್ಟವನು ಮತ್ತೆ ಒಮ್ಮೆ ಜಾರಬಹುದು. ಅದು ಎಲ್ಲಕ್ಕಿಂತ ಅಪಾಯದ ಗಳಿಗೆ. ಜೈಲಿನಿಂದಲೋ, ವ್ಯಸನಮುಕ್ತಿ ಕೇಂದ್ರದಿಂದಲೋ ಕೆಲ ವಾರ ಬಿಟ್ಟು ಹೊರಬಂದ ಮೈಗೆ ಹಳೆಯ ಪ್ರಮಾಣ ತಡೆಯುವ ಶಕ್ತಿ ಉಳಿದಿರುವುದಿಲ್ಲ. ಮೊದಲಿನಷ್ಟೇ ತೆಗೆದುಕೊಂಡು ಸತ್ತವರು ಬಹಳ. ಜಾರಿದರೆ ಒಬ್ಬನೇ ಇರಬೇಡ, ಬಾಗಿಲು ಚಿಲಕ ಹಾಕಬೇಡ, ಮಾರನೆಯ ದಿನವೇ ವೈದ್ಯರ ಹತ್ತಿರ ಹೋಗಿ ಜಾರಿದೆ ಎಂದು ಹೇಳು. ಅವರಿಗೆ ಅದು ಹೊಸದಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಮೀಸಲಾದ ಕೇಂದ್ರವಿದೆ, ನರರೋಗ ವಿಭಾಗವೂ ಅದೇ ಆವರಣದಲ್ಲಿದೆ. ಮಾದಕ ವ್ಯಸನಕ್ಕೆ ಕೇಂದ್ರ ಸರ್ಕಾರದ ಸಹಾಯವಾಣಿ 14446, ಮನಸ್ಸಿನ ತೊಳಲಾಟಕ್ಕೆ ಟೆಲಿ ಮನಸ್ 14416, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಬಿಡದ ಜ್ವರ, ಕೊರೆಯುವ ಬೆನ್ನುನೋವು, ಎರಡೆರಡು ಕಾಣುವುದು, ಕಾಲು ಸೋಲುವುದು, ಮೂತ್ರ ಕಟ್ಟುವುದು ಇವುಗಳಲ್ಲಿ ಒಂದಿದ್ದರೂ ಫೋನಿನಲ್ಲಿ ಹೊತ್ತು ಕಳೆಯದೆ ಎಂಆರ್‌ಐ ಇರುವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಆಟೋ ಹಿಡಿದು ಹೋಗು. ರಾತ್ರಿಯಾಗಿದ್ದರೆ ಬೆಳಗಾಗಲಿ ಎನ್ನಬೇಡ.